ಚಮಕಿ

ಜನವರಿ ಎರಡನೇ ವಾರ
ಬೆಟಗೇರಿ ರದ್ದಿ ಅಂಗಡ್ಯಾಗ
ಶುಭಾಶಯಗಳು ಕಿಲೋ ಲೆಕ್ಕದಾಗ ಬರತಾವ.
ಬ್ಯಾಂಕಿಂದು ಒಂದು ಚೀಲ, ಕಾಲೇಜಿಂದು ಎರಡು,
ಸೊಸೈಟಿದು ಅರ್ಧ, ಸುತ್ಲಿಲೆ ಬಾಯಿ ಕಟ್ಟಿದ್ದು.
ಕೆಲವಂತೂ ಲಕೋಟಿ ಸೈತ ಒಡದಿರಂಗಿಲ್ಲ.

ನಾನು ಖಾತೂನಬಿ ನದಾಫ.
ಇಪ್ಪತ್ತೆರಡು ವರ್ಷಾತು ಕಾಗದ ಆರಸಾಕ ಹತ್ತಿ.
ಬಿಳೀದು ಬ್ಯಾರೆ, ಪೇಪರ್ ಬ್ಯಾರೆ, ರಟ್ಟು ಬ್ಯಾರೆ.
ಓದಾಕ ಬರತೈತಿ,
ಓದಕೋತ ಕುಂತ್ರ ಕೆಲಸ ಸಾಗಂಗಿಲ್ಲ.

ಚಮಕಿ ಹಚ್ಚಿದ್ದನ್ನ ಮಿಲ್ಲಿನವರು ಒಲ್ಲೆ ಅಂತಾರ.
ಪ್ಲಾಸ್ಟಿಕ್ ಹೊದಿಸಿದ್ದು ಒಲ್ಲೆ.
ಬಂಗಾರದ ಹಾಳಿ ಒತ್ತಿದ್ದು ಒಲ್ಲೆ.
ಮೆರಗು ಹೆಚ್ಚಾದಷ್ಟೂ ರೇಟು ಕಡಿಮಿ, ನಮ್ಮ ಧಂದೇದಾಗ.
ಚಮಕಿ ಮಾತ್ರ ನನ್ನ ಬಿಡಂಗಿಲ್ಲ:
ಹುಬ್ಬಿನಾಗ, ಬಳಿ ಸಂದ್ಯಾಗ, ಬಡದ ರೊಟ್ಟಿ ಮ್ಯಾಲ.
ಗಂಡ ತುತ್ತು ಮುರದು ಬೆಳಕಿಗೆ ಹಿಡದು
"ಏನಿದು, ಇವತ್ತ ನವಾಬರ ಊಟೇನ?" ಅಂತಾನ.

ಒಮ್ಮೆ ಒಂದು ಚೀಲ ರಾತ್ರಿ ಹಾಡಾಕ ಹತ್ತಿತು.
ಗುಂಡಿಯಂಥಾ ಶೆಲ್ ಇಟ್ಟ ಕಾರ್ಡು ಯಾವುದೋ,
ಹೊರಿ ಕೆಳಗ ಬಾಯಿ ತಗದು ಸಿಕ್ಕೊಂಡಿತ್ತು.
ನಲವತ್ತು ಚೀಲದಾಗ ಎಲ್ಲಿ ಅಂತ ಹುಡಕೂದು?
ಮೂರು ರಾತ್ರಿ ಹಾಡಿತು.
ನಾಲ್ಕನೇ ರಾತ್ರಿ ಧ್ವನಿ ದಪ್ಪಾಗಿ, ಎಳದು ಎಳದು,
ನಡುವ ನಿಂತಬಿಡ್ತು.
ನನಗ ಎಚ್ಚರಾಗಿದ್ದು ಆವಾಗ.

ಹಿಂಗಿರಾಗ ಕರುಣಾಬಾಯಿ ಹೊಸಮನಿ ಬಂದ್ರು,
ಮಿಷನ್ ಸಾಲ್ಯಾಗ ಗಣಿತ ಕಲಿಸಿ ರಿಟೈರ್ ಆದ ಟೀಚರ್,
ಒಂದು ಕಾಲಿಗೆ ತಮ್ಮ ಚಪ್ಪಲಿ, ಒಂದಕ್ಕ ಸೊಸೀದು.
"ಖಾತೂನ, ಮನ್ಯಾಗ ಅವಸರದಾಗ ಕೊಟ್ಟಬಿಟ್ಟಾರ,
ಒಂದು ಕಾರ್ಡು. ಕುರಿಮರಿ ಚಿತ್ರ. ಕಿವಿ ಹರದೈತಿ."
"ಹೊಸಾದು ಒಯ್ರಿ ಟೀಚರ್, ಇಲ್ಲೇ ಐನೂರು ಅದಾವ."
ಅವರು ಸೆರಗು ಸಿಗಿಸಿ ನೆಲಕ್ಕ ಕುಂತೇಬಿಟ್ರು.

ಅಸರ್ ನಮಾಜಿನ ಹೊತ್ತಿಗೆ ಸಿಕ್ತು.
ಒಳಗ, ಹಿಂದ, ಎಲ್ಲೂ ಜಾಗಾ ಇಲ್ಲ.
ಒಂದು ವರ್ಷ ಬೆಟಗೇರಿಯಿಂದ ಹಾವೇರಿಗೆ,
ಮರುವರ್ಷ ಹಾವೇರಿಯಿಂದ ಬೆಟಗೇರಿಗೆ,
ಅದೇ ಕುರಿಮರಿ, ಎಂಬತ್ತೆಂಟರಿಂದ,
ಕ್ರಿಸ್‌ಮಸ್ಸಿಗೊಮ್ಮೆ ಒಂದೇ ಸಾಲು.
"ಕಣ್ಣಿನ ಆಪರೇಶನ್ ಆತು. ನಿನ್ನ ಅಕ್ಷರ ಇಷ್ಟು ಸೊಟ್ಟ ಅಂತ ಈಗ ಗೊತ್ತಾತು."
"ಈ ಸಲ ಚಕ್ಕಲಿ ಹೊತ್ತಿದುವು."
"ಅವರು ಹೋದರು. ಈಗ ಬರಬ್ಯಾಡ, ಜೂನಿನಾಗ ಬಾ."
ಒಂದು ವರ್ಷದ್ದು ಬರೇ ತಾರೀಖು.

ನಾ ಓದಿದೆ.
ತೂಕಕ್ಕ ಬಂದ ಕಾಗದ, ಕಡೀತನಕ ಓದಿದೆ.

"ಜಾಗಾ ತೀರಿತಲ್ರಿ, ಮುಂದ?"
ಟೀಚರ್ ಬ್ಯಾಂಕಿನ ಚೀಲಕ್ಕ ಕೈ ಹಾಕಿ ಒಂದು ಎಳದ್ರು.
ಬಲಕ್ಕ ಮ್ಯಾನೇಜರನ ಹೆಸರಿನ ಅಚ್ಚು,
ಎಡಕ್ಕ ಪೂರ್ತಿ ಖಾಲಿ.
"ಇದನ್ನ ಅಂಟಿಸಿದ್ರ ಇನ್ನ ಹನ್ನೆರಡು ವರ್ಷ ಸಾಕು.
ನಾವ ಸಾಲಬೇಕು, ಅಷ್ಟ."
ತೂಗಿ ರೊಕ್ಕಾ ತಗೋ ಅಂದ್ರು.
ತೂಗಿದೆ. ಮುಳ್ಳು ಮಿಸುಕಲಿಲ್ಲ.

ಅವತ್ತಿಂದ ಖಾಲಿ ಬದಿ ಕತ್ತರಿಸಿ
ಬಿಸ್ಕೀಟ್ ಡಬ್ಬ್ಯಾಗ ಇಡತೇನಿ.
ಸಾಲಿ ಹುಡುಗ್ರು ಒಯ್ತಾರ,
ಇಸ್ತ್ರಿ ಅಂಗಡಿ ಮಡ್ಡೆಪ್ಪ ಉದ್ರಿ ಬರಿಯಾಕ ಒಯ್ತಾನ.
ರಮಜಾನದಾಗ ಸವಣೂರಿನ ತಂಗಿಗೆ ನಾನೂ ಒಂದು ಬರದೆ,
"ಹೆಂಗದಿ?" ಅಂತ. ಮುಂದ ತಿಳೀಲಿಲ್ಲ,
ಹಂಗ ಕಳಿಸಿದೆ.
ಬ್ಯಾಂಕಿನ ಚೀಲ ಈ ವರ್ಷಾನೂ ಬಂತು,
ಹ್ವಾದ ಸಲಕ್ಕಿಂತ ಒಂದು ಕಿಲೋ ಹೆಚ್ಚು.

ಮೊನ್ನೆ ಪೋಸ್ಟಮನ್ ಅಂಗಡಿ ಮುಂದ ಸೈಕಲ್ ನಿಲ್ಲಿಸಿದ.
ನನಗ ಟಪಾಲು ಯಾವಾಗ ಬಂದಿತ್ತು?
ಒಳಮೈ ಹೊರಗ ಮಾಡಿ ಅಂಟಿಸಿದ ಹಳೇ ಲಕೋಟಿ.
ಖಾತೂನಬಿ, ರದ್ದಿ ಅಂಗಡಿ, ಬೆಟಗೇರಿ.
ಒಳಗ ಚಮಕಿ ಅರ್ಧ ಉದುರಿದ ನಕ್ಷತ್ರ,
ಹಿಂದ, ನಾ ಕಂಡಿರದ ಹಾವೇರಿ ಶಾಂತಕ್ಕನ ಸೊಟ್ಟ ಅಕ್ಷರ:
"ಕುರಿಮರಿ ಹುಡುಕಿ ಕೊಟ್ಟಿರಂತ.
ಒಂದು ಸಾಲು ಬರದು ವಾಪಸ್ ಕಳಸ್ರಿ."

ಪೆನ್ನು ಹುಡಕಾಕ ಹತ್ತೇನಿ.
ಒಳಗಿಂದ ಗಂಡ ಒದರತಾನ,
ರೊಟ್ಟಿ ಹೊತ್ತಾಕ ಹತ್ತೈತಿ ಅಂತ.